ಚೆನ್ನಾಜತ್ತೆಯ ಮಣ್ಣು

ಚೆನ್ನಾಜತ್ತೆಗೆ ಕೋಪ ಬಂದರೆ ಮೊದಲು ಸೆರಗು ಸೊಂಟಕ್ಕೆ ಹೋಗುತ್ತಿತ್ತು, ಆಮೇಲೆ ಎರಡೂ ಕೈ ಮಣ್ಣಿಗೆ ಹೋಗುತ್ತಿದ್ದವು. ಎದುರಿಗಿದ್ದವರನ್ನು ಬೈಯುತ್ತಲೇ ಹತ್ತಿರದ ಕುಂಡಕ್ಕೆ ಕೈಹಾಕಿ ಕೆದಕುವಳು, ಹೆಂಟೆ ಒಡೆಯುವಳು, ಬೇರಿಗೆ ಮಣ್ಣೇರಿಸುವಳು. ಬೈಗುಳ ಮುಗಿಯುವ ಹೊತ್ತಿಗೆ ಕುಂಡದ ಮಣ್ಣು ಹಿಟ್ಟಿನ ಹಾಗೆ ಸಡಿಲವಾಗಿರುತ್ತಿತ್ತು. ನಿನ್ನ ಗಿಡಗಳು ಇಷ್ಟು ಚೆನ್ನಾಗಿ ಬರುವುದು ಗೊಬ್ಬರದಿಂದಲ್ಲ, ಕೋಪದಿಂದ ಎಂದು ಅವಳ ಮುಖಕ್ಕೇ ಹೇಳಿದ್ದೆ. "ಉಗೀತೀನಿ ನೋಡು ಮೂತಿಗೆ" ಅಂದಳು. ಹಾಗನ್ನುತ್ತಲೇ ಇನ್ನೊಂದು ಕುಂಡಕ್ಕೆ ಕೈಹಾಕಿದಳು.

ಅವಳು ನನ್ನ ಅಪ್ಪನ ಅಕ್ಕ. ನಮ್ಮೂರು ಪಾಂಡವಪುರದಿಂದ ನಾಗಮಂಗಲದ ಕಡೆ ಹೋಗುವ ರಸ್ತೆಯಲ್ಲಿದೆ. ಗದ್ದೆ ಇದೆ, ಹೊಲ ಇದೆ, ತಲೆಮಾರಿನಿಂದ ಬಂದ ಗತ್ತಂತೂ ಬೇಕಾದಷ್ಟಿದೆ. ಗಂಡ ಸತ್ತು ಅತ್ತೆ ತವರಿಗೆ ಬಂದ ವರ್ಷವೇ ಅಪ್ಪ ಅವಳಿಗೆ ಒಂದು ಸೀರೆ, ಎಲೆ ಅಡಿಕೆ ಕೊಟ್ಟು, ಭೂಮಿಯಲ್ಲಿ ಭಾಗ ಬೇಡ ಎಂದು ರುಜು ಹಾಕಿಸಿಕೊಂಡ. ನಮ್ಮ ಕಡೆ ಇದಕ್ಕೆ ಅಕ್ಕತಂಗಿಯರ ದೊಡ್ಡತನ ಎಂದು ಹೆಸರು. ನನ್ನನ್ನು ಕೇಳಿದರೆ ಇದಕ್ಕೆ ಬೇರೆಯೇ ಹೆಸರಿದೆ, ಅದು ಅಚ್ಚಿನಲ್ಲಿ ಹಾಕುವಂಥದ್ದಲ್ಲ. ರುಜು ಹಾಕಿದ ಮೇಲೆ ಅತ್ತೆ ಆ ಮನೆಯಲ್ಲಿ ಹೆಚ್ಚು ದಿನ ಇರಲಿಲ್ಲ. ಪಾಂಡವಪುರದಲ್ಲಿ ಮಕ್ಕಳ ಹಾಸ್ಟೆಲ್ಲೊಂದಕ್ಕೆ ಅಡುಗೆಯವಳಾಗಿ ಸೇರಿಕೊಂಡು, ಟೈಲರ್ ಅಂಗಡಿಯ ಮೇಲಿನ ಮಾಳಿಗೆ ಮನೆಯನ್ನು ಬಾಡಿಗೆಗೆ ಹಿಡಿದಳು.

ಒಕ್ಕಲಿನ ಮನೆಯ ಹೆಣ್ಣು, ಮಣ್ಣು ಮುಟ್ಟದೆ ಹೇಗಿರುತ್ತಾಳೆ? ತಾರಸಿಯ ಮೇಲೆ ಏನಾದರೂ ಹಾಕಿದರೆ ಕೋತಿಗಳು ಬುಡಸಮೇತ ಕಿತ್ತು ಎಸೆಯುತ್ತಿದ್ದವು. ಮೇಲುಕೋಟೆ ಬೆಟ್ಟದಲ್ಲಿ ಪುಳಿಯೋಗರೆ ತಿಂದು ಕೊಬ್ಬಿ ಇಲ್ಲಿಗೆ ಇಳಿದು ಬಂದವು ಎನ್ನುವುದು ಅವಳ ಆರೋಪ. ಹಾಗಾಗಿ ಬೇಸಾಯವನ್ನು ಮನೆಯೊಳಕ್ಕೇ ತಂದಳು. ಸರಳಿನ ಕಿಟಕಿ ಕೆಳಗೆ ಪೇಂಟಿನ ಬಕೆಟ್ಟು, ಎಣ್ಣೆ ಡಬ್ಬ, ತಳ ತೂತಾದ ಹಾಸ್ಟೆಲ್ಲಿನ ಪಾತ್ರೆ. ಅವುಗಳಲ್ಲಿ ದಂಟು, ಮೆಂತ್ಯ, ಕೊತ್ತಂಬರಿ, ಹಸಿಮೆಣಸಿನಕಾಯಿ, ದೊಡ್ಡಪತ್ರೆ. ತರಕಾರಿ ಸಿಪ್ಪೆ, ಟೀ ಚರಟ, ಒಣಗಿದೆಲೆ, ಕೆಳಗಿನ ಬೀದಿಯಲ್ಲಿ ಹಸು ಹಾಕಿದ ಸಗಣಿ, ಎಲ್ಲವನ್ನೂ ಒಂದು ದೊಡ್ಡ ಬಕೆಟ್ಟಿನಲ್ಲಿ ಕೊಳೆಸಿ ಗೊಬ್ಬರ ಮಾಡುವಳು. ಔಷಧಿ ಅಂಗಡಿಯ ಪುಡಿ, ಸೀಸೆ ಯಾವುದೂ ಆ ಹೊಸಿಲು ದಾಟುವಂತಿರಲಿಲ್ಲ.

ನಾನು ಶ್ರೀರಂಗಪಟ್ಟಣದಲ್ಲಿ ಕಾಲೇಜಿಗೆ ಹೋಗುವಾಗ ಅವಳ ಮನೆಯಲ್ಲೇ ಇದ್ದೆ. ಒಂದು ದಿನ ಬಸ್ಸಿಗೆ ಹೊತ್ತಾಯಿತೆಂದು ತಲೆ ಬಾಚಿಕೊಳ್ಳುತ್ತ ದಂಟಿನ ಬಕೆಟ್ಟಿನತ್ತ ಬಗ್ಗಿದೆ. ಮಣ್ಣಿನ ಮೇಲೆ ರವೆಯ ನುಚ್ಚು ಚೆಲ್ಲಿದ ಹಾಗಿತ್ತು. ಆ ನುಚ್ಚು ಹರಿದಾಡುತ್ತಿತ್ತು. ಬಾಚಣಿಗೆ ಬಿಸಾಕಿ ಕಿರುಚಿದೆ.

"ಅತ್ತೆ, ಮಣ್ಣು ಓಡಾಡ್ತಾ ಅದೆ!"

"ಓಡಾಡ್ದೆ ಇನ್ನೇನು, ನಿನ್ನಂಗೆ ಮೊಬೈಲ್ ಇಡ್ಕಂಡು ಬಿದ್ದಿರ್ಬೇಕಾ?" ಒಲೆಯ ಮುಂದಿನಿಂದ ಏಳಲೂ ಇಲ್ಲ. "ಮಣ್ಣಿನ ನುಸಿ ಕಣಮ್ಮಿ ಅವು. ಕೊಳ್ತಿದ್ದ ತಿಂತವೆ, ಬದುಕಿರೋದ್ನ ಮುಟ್ಟಕಿಲ್ಲ. ಮನುಸ್ರಂಗಲ್ಲ."

ಕಚ್ಚುವುದಿಲ್ಲವಾ ಎಂದು ಕೇಳಿದೆ. ಅತ್ತೆ ಎದ್ದು ಬಂದು, ನನ್ನ ಕೈ ಹಿಡಿದು ಮಣ್ಣಿನೊಳಕ್ಕೆ ತೂರಿಸಿ, ಅಲ್ಲೇ ಒತ್ತಿ ಹಿಡಿದುಕೊಂಡಳು. ಬೆರಳ ಮೇಲೆ ಅವು ಹತ್ತಿ ಇಳಿದವು. ಏನೂ ಆಗಲಿಲ್ಲ, ಬಸ್ಸು ತಪ್ಪಿದ್ದೊಂದು ಬಿಟ್ಟು. ಬಸ್ಸು ತಪ್ಪಿಸಿಕೊಂಡೆಯೆಂದು ಮತ್ತೆ ಬೈದವಳೂ ಅವಳೇ!

ಅವು ಬಹಳವಾಗಿ ಎದ್ದರೆ ಅವಳದೊಂದು ಪದ್ಧತಿ ಇತ್ತು. ನೀರು ಕಡಿಮೆ ಮಾಡುವಳು, ಕುಂಡವನ್ನು ಗಾಳಿಗೆ ಸರಿಸುವಳು, ರಾತ್ರಿ ಮಲಗುವ ಮುಂಚೆ ಮಣ್ಣಿನ ಮೇಲೆ ಒಂದು ಸೌತೆಕಾಯಿ ಸಿಪ್ಪೆ ಇಡುವಳು. ಬೆಳಿಗ್ಗೆ ನುಸಿಗಳೆಲ್ಲ ಸಿಪ್ಪೆಗೆ ಮುತ್ತಿಕೊಂಡಿರುತ್ತಿದ್ದವು. ಅದನ್ನು ಹಾಗೇ ಎತ್ತಿ ಗೊಬ್ಬರದ ಬಕೆಟ್ಟಿಗೆ ಹಾಕಿ, "ಓಗಿ, ಅಲ್ಲಿ ಕೆಲ್ಸ ಅದೆ" ಎನ್ನುವಳು. ಜಗತ್ತಿನಲ್ಲಿ ಅವಳು ಬೈಯದೆ ಮಾತಾಡಿಸುತ್ತಿದ್ದುದು ಆ ನುಸಿಗಳನ್ನು ಮಾತ್ರ ಎಂದು ಕಾಣುತ್ತದೆ.

ಕೆಳಗೆ ಟೈಲರ್ ಅಂಗಡಿಯ ಹಿಂದೆ ವಾಸವಿದ್ದ ಮನೆಯೊಡೆಯನ ಹೆಂಡತಿ ಒಮ್ಮೆ ದಡದಡ ಮೆಟ್ಟಿಲು ಹತ್ತಿ ಬಂದಳು. ಮಗನಿಗೆ ಮೈಯೆಲ್ಲ ಕಜ್ಜಿ, ಮೇಲಿನ ಹುಳವೇ ಕಾರಣ, ಮಣ್ಣನ್ನೆಲ್ಲ ಆಚೆ ಎಸೆಯಬೇಕು ಎಂದಳು. ಅತ್ತೆ ಸೆರಗು ಸಿಕ್ಕಿಸಿ ಮೊಣಕೈವರೆಗೂ ಬಕೆಟ್ಟಿಗೆ ಕೈಬಿಟ್ಟು ನಿಂತಳು. "ನೋಡ್ಕವ್ವ. ವಾರ ಬುಟ್ಟು ಬಂದು ನನ್ನ ಕೈ ನೋಡು. ಒಂದು ಗುಳ್ಳೆ ಎದ್ದಿದ್ರೆ ನಾನೇ ಮಣ್ಣು ಎಸ್ದು ಮನೆ ಖಾಲಿ ಮಾಡ್ತೀನಿ. ಏಳ್ದಿದ್ರೆ ಬಂದು ಸೊಪ್ಪು ತಗಂಡೋಗು." ಹುಡುಗನಿಗೆ ಕಜ್ಜಿ ಹತ್ತಿದ್ದು ಬಗ್ಗಡದ ನಾಲೆಯಲ್ಲಿ ಈಜಾಡಿ ಎಂದು ಆಮೇಲೆ ಡಾಕ್ಟರು ಹೇಳಿದರಂತೆ. ಆ ಹೆಂಗಸು ತಪ್ಪಾಯಿತು ಎನ್ನಲು ಬರಲಿಲ್ಲ. ಸೊಪ್ಪಿಗೆ ಮಾತ್ರ ಬಂದಳು, ಅತ್ತೆ ಕೊಟ್ಟೂ ಕೊಟ್ಟಳು. ನನಗೆ ಮೈ ಉರಿದುಹೋಯಿತು.

ಇನ್ನು ನನ್ನ ಮದುವೆಯ ವಿಷಯ. ಅದನ್ನು ನೆನೆದರೆ ಈಗಲೂ ಹಲ್ಲು ಕಡಿಯುವ ಹಾಗಾಗುತ್ತದೆ.

ಹುಡುಗ ಮಂಜು, ಸಿಂಧಘಟ್ಟದವನು, ಕೆ.ಆರ್. ಪೇಟೆಯಲ್ಲಿ ಬ್ಯಾಟರಿ ಅಂಗಡಿ ಇಟ್ಟಿದ್ದಾನೆ. ಒಳ್ಳೆಯವನು, ಅವನ ಮೇಲೆ ನನ್ನ ದೂರಿಲ್ಲ. ನಮ್ಮ ಮನೆತನದಲ್ಲಿ ಮದುವೆಗೆ ಮುಂಚೆ ಮಣ್ಣಿನ ಕುಡಿಕೆಗಳಲ್ಲಿ ಹುತ್ತದ ಮಣ್ಣು ತುಂಬಿ ಮುತ್ತೈದೆಯರು ನವಧಾನ್ಯ ಬಿತ್ತುತ್ತಾರೆ. ಕುಡಿಕೆಗಳನ್ನು ದೇವರ ಕೋಣೆಯಲ್ಲಿ ಒದ್ದೆ ಬಟ್ಟೆ ಮುಚ್ಚಿ ಇಡುತ್ತಾರೆ. ಮೊಳಕೆ ಚೆನ್ನಾಗಿ ಬಂದರೆ ಗಂಡಹೆಂಡಿರ ಬಾಳು ಚೆನ್ನ, ಮುರುಟಿದರೆ ಅಪಶಕುನ. ಆ ವರ್ಷ ನಮ್ಮೂರ ಹುತ್ತ ಇದ್ದ ಜಾಗವನ್ನು ಸೈಟು ಮಾಡಲೆಂದು ಜೆಸಿಬಿ ಹೊಡೆದು ಮಟ್ಟ ಮಾಡಿದ್ದರು. ಅಪ್ಪ ಅಲ್ಲೇ ಗುಡ್ಡೆ ಬಿದ್ದಿದ್ದ ಸುಣ್ಣದ ಪುಡಿ ಬೆರೆತ ಮಣ್ಣು ತಂದು ತುಂಬಿಸಿದ. ಬೀಜ ಕೊಳೆತುಹೋಯಿತು, ಒಂದು ಕುಡಿ ಏಳಲಿಲ್ಲ.

ನನ್ನ ಸಾಮಾನು ತೆಗೆದುಕೊಳ್ಳಲು ನಾನು ಅತ್ತೆಯ ಮನೆಗೆ ಹೋಗಿದ್ದ ಸಂಜೆಯೇ ಅಪ್ಪ ಬೈಕಿನಲ್ಲಿ ಅಲ್ಲಿಗೆ ಬಂದ. ಆ ಮೆಟ್ಟಿಲನ್ನು ಅವನು ಹತ್ತಿದ್ದನ್ನು ಅದಕ್ಕೆ ಮುಂಚೆ ನಾನು ನೋಡಿರಲಿಲ್ಲ. ನೀರು ಕುಡಿದು, ಅತ್ತಿತ್ತ ನೋಡಿ, ಒಂದು ಚೀಲ ಮಣ್ಣು ಬೇಕಿತ್ತು ಅಂದ.

"ನನ್ನ ಮಣ್ಣು ಮದ್ವೆ ಮನೆಗೆ ಆಯ್ತದೇನ್ಲಾ ನಿಂಗ? ಮುಂಡೆ ಮನೆ ಮಣ್ಣು ಅನ್ನಕಿಲ್ವಾ ನಿಮ್ಮೋರು?"

"ಯಾರ್ಗೆ ಗೊತ್ತಾಯ್ತದೆ ಬುಡಕ್ಕ," ಅಂದ ಅಪ್ಪ. ಈ ಮಾತನ್ನು ನನ್ನ ಎರಡು ಕಿವಿಯಾರೆ ಕೇಳಿದ್ದೇನೆ.

ಅತ್ತೆ ಅವನನ್ನೊಮ್ಮೆ ದುರುಗುಟ್ಟಿ ನೋಡಿದಳು. ಆಮೇಲೆ ತನ್ನ ದಂಟಿನ ಬಕೆಟ್ಟನ್ನೇ ಬರಿದು ಮಾಡಿ, ಮಣ್ಣನ್ನು ಜರಡಿ ಹಿಡಿದು, ಚೀಲಕ್ಕೆ ತುಂಬಿಕೊಟ್ಟಳು. "ಕೇಳುಸ್ಕ. ಇದ್ರಲ್ಲಿ ನುಸಿ ಅವೆ, ಏನೂ ಮಾಡಕಿಲ್ಲ. ನೀರು ವಸಿನೇ ಚುಮುಕ್ಸು. ಬಟ್ಟೆ ಮುಚ್ಬ್ಯಾಡ, ಗಾಳಿ ಆಡ್ಲಿ. ಮುಚ್ಚಿ ಚೊಂಬುಗಟ್ಲೆ ನೀರು ಹುಯ್ದ್ರೆ ಎಲ್ಲಾ ಮ್ಯಾಲಕ್ಕೆ ಬತ್ತವೆ." ಅಪ್ಪ ಹೂಂಗುಟ್ಟಿದ. ಕತ್ತಲಾಗಲಿ ಎಂದು ಕಾದು, ಚೀಲವನ್ನು ಬೈಕಿಗೆ ಕಟ್ಟಿಕೊಂಡು ಹೋದ.

ಮನೆಯಲ್ಲಿ ಮಾಡಿದ್ದೇನು? ಶಾಸ್ತ್ರ ಬಿಡಬಾರದೆಂದು ಒದ್ದೆ ಬಟ್ಟೆ ಮುಚ್ಚಿದರು. ಈ ಸಲ ಮೊಳೆಯಲೇಬೇಕೆಂದು ಬಂದವರೆಲ್ಲ ಒಂದೊಂದು ಚೊಂಬು ನೀರು ಹೊಯ್ದರು. ಮೊಳಕೆಯೇನೋ ಬೆರಳುದ್ದ ಎದ್ದು ನಿಂತವು, ಅಷ್ಟು ಸೊಗಸಾದ ಮೊಳಕೆಯನ್ನು ನಮ್ಮ ಮನೆಯಲ್ಲಿ ಯಾರೂ ನೋಡಿರಲಿಲ್ಲ. ಅಷ್ಟರಲ್ಲಿ ಸಿಂಧಘಟ್ಟದಿಂದ ಮಂಜುವಿನ ದೊಡ್ಡಮ್ಮ ಸೀರೆ ಒಡವೆಯ ಮಾತಿಗೆ ಬಂದವರು ದೇವರಿಗೆ ಕೈಮುಗಿಯಲು ಒಳಗೆ ಹೋಗಿ ಬಟ್ಟೆ ಎತ್ತಿದರು. ಮೊಳಕೆ ತುಂಬ ನುಸಿ, ಕುಡಿಕೆಯ ಕಂಠದ ಮೇಲೂ ನುಸಿ.

"ಅಯ್ಯೋ ಸಿವ್ನೆ, ನುಸಿ ಬಿದ್ದದೆ!" ಎಂದು ಅವರು ಎದೆ ಬಡಿದುಕೊಂಡ ಸದ್ದಿಗೆ ಮನೆಯೇ ಓಡಿ ಬಂತು.

ಆ ಹೆಂಗಸಿನ ಭಯ ನನಗೆ ಅರ್ಥವಾಗುತ್ತದೆ. ಅವರದು ತೆಂಗಿನ ತೋಟದ ಮನೆ. ತೆಂಗಿಗೆ ನುಸಿ ಬಿದ್ದ ಕಾಲದಲ್ಲಿ ಕಾಯೆಲ್ಲ ಕಜ್ಜಿ ಹಿಡಿದು ಮುರುಟಿ ಉದುರಿದ್ದನ್ನು ಕಣ್ಣಾರೆ ಕಂಡವರು. ಇದು ಆ ನುಸಿಯಲ್ಲ, ತೆಂಗಿನದು ಕಣ್ಣಿಗೂ ಕಾಣುವುದಿಲ್ಲ, ಮಣ್ಣಿನದಕ್ಕೆ ಬದುಕಿರುವ ಗಿಡವೇ ಬೇಡ ಎಂದು ನಾನು ಬಿಡಿಸಿ ಬಿಡಿಸಿ ಹೇಳಿದೆ. ಮದುವೆ ಹೆಣ್ಣಿನ ಮಾತು ಯಾರಿಗೆ ಬೇಕು? "ಈ ಮಣ್ಣು ಎಲ್ಲೀದು?" ಎಂದು ದೊಡ್ಡಮ್ಮ ಕೇಳಿದರು. ಎಲ್ಲರೂ ಅಪ್ಪನ ಮುಖ ನೋಡಿದರು.

ಅಪ್ಪ ಅಂದ: "ನಮ್ಮಕ್ಕ ಕೊಟ್ಟು ಕಳ್ಸಿದ್ಲು. ಬ್ಯಾಡ ಅಂದ್ರೂ ಕೇಳ್ಳಿಲ್ಲ."

ಬೇಡ ಅಂದರೂ! ನನ್ನ ದನಿ ಇಡೀ ಬೀದಿಗೆ ಕೇಳಿಸಿತು. ನೀನೇ ಹೋಗಿ ಕೇಳಿ ತಂದೆಯಲ್ಲಪ್ಪ, ನಾನಲ್ಲೇ ಇದ್ದೆ ಎಂದು ಕೂಗಿದೆ. ಚಿಕ್ಕಮ್ಮಂದಿರು ನನ್ನ ರಟ್ಟೆ ಹಿಡಿದು ಕೋಣೆಗೆ ನೂಕಿದರು. ವಿಧವೆಯ ಕೈಮಣ್ಣು, ಅದಕ್ಕೇ ಹುಳ ಎದ್ದಿದೆ ಎನ್ನುವ ಮಾತು ಅಡುಗೆಮನೆಯಿಂದ ಜಗಲಿಗೆ, ಜಗಲಿಯಿಂದ ಬೀದಿಗೆ ಹೋಯಿತು. ಹುಳ ಸತ್ತರೆ ಸಾಕು ಎಂದು ಯಾರೋ ಹೊಲದಿಂದ ಔಷಧಿ ಹೊಡೆಯುವ ಮಿಷನ್ನು ತಂದು ಕುಡಿಕೆಗಳಿಗೆ ಚೆನ್ನಾಗಿ ಹೊಡೆದರು. ಹಿಂದಿನ ದಿನ ಬದುವಿನ ಹುಲ್ಲು ಸಾಯಿಸಲು ಕಳೆನಾಶಕ ಹೊಡೆದಿದ್ದ ಮಿಷನ್ನು ಅದು, ತೊಳೆದೂ ಇರಲಿಲ್ಲ. ಮೊಳಕೆ ಹಳದಿಗೆ ತಿರುಗಿ ಮಕಾಡೆ ಬಿದ್ದವು. ನೋಡಿದಿರಾ, ಅವಳ ಕೈಗುಣ, ಎಂದರು. ಥೂ!

ಸುದ್ದಿ ಕೇಳಿ ಮಾರನೆಯ ದಿನ ಅತ್ತೆ ಬಸ್ಸಿನಲ್ಲಿ ಬಂದಳು. ಯಾರೂ ಕೂತ್ಕೊ ಅನ್ನಲಿಲ್ಲ. ಅವಳು ಕುಡಿಕೆಗಳನ್ನು ನೋಡಿದಳು, ಮೂಸಿದಳು. ಬೈಗುಳ ಶುರುವಾಗುತ್ತದೆ ಎಂದು ನಾವೆಲ್ಲ ಕಾದೆವು. ಬೈಯಲಿಲ್ಲ. ರಾತ್ರಿ ನಮ್ಮಲ್ಲೇ ಉಳಿದಿದ್ದ ದೊಡ್ಡಮ್ಮನ ಪಕ್ಕ ಜಗಲಿಯ ಮೇಲೆ ಕೂತಿದ್ದ ಅಪ್ಪನ ಮುಂದೆ ಬಂದು ನಿಂತಳು.

"ಲೋ ನಿಂಗ, ಒಂದೇ ಮಾತು ಕೇಳ್ತೀನಿ. ನಾನಾಗಿ ಕೊಟ್ಟು ಕಳ್ಸಿದ್ನೋ, ನೀನಾಗಿ ಬಂದು ಇಸ್ಕಂಡೋದ್ಯೋ? ಇವ್ರ ಮುಂದೆ ಯೋಳು. ಸಾಕು ನಂಗೆ."

ಅಪ್ಪ ಕಂಬ ನೋಡಿದ, ಕ್ಯಾಲೆಂಡರು ನೋಡಿದ, ಎಲೆಗೆ ಸುಣ್ಣ ಹಚ್ಚಿದ.

"ಒಲ ಗದ್ದೆ ಕೇಳ್ತಿಲ್ಲ ಕಣ್ಲಾ ನಾನು. ಅದ್ನ ಬಾಯ್ಮುಚ್ಕಂಡು ಬುಟ್ಕೊಟ್ಟೆ. ಈ ಒಂದ್ ಚೀಲ ಮಣ್ಣು ನಂದು, ನಾನು ಮಾಡಿದ್ದು. ಅದು ಕೆಟ್ಟದಲ್ಲ ಅಂತ ನಿಂಗೆ ಗೊತ್ತು. ಯೋಳ್ಲಾ."

ಅಪ್ಪ ಎಲೆ ಮಡಿಸಿ ಬಾಯಿಗೆ ಇಟ್ಟುಕೊಂಡ. ಬಾಯಿ ತುಂಬಿದ ಮೇಲೆ ಮಾತಾಡುವ ಹಾಗಿಲ್ಲವಲ್ಲ. ಅತ್ತೆ ಸೆರಗು ಹೊದ್ದುಕೊಂಡು, ಮೆಟ್ಟಿಲಿಳಿದಳು.

ನಾನು ಹಿಂದೆ ಓಡಿ ಬಸ್ ಸ್ಟಾಪಿನಲ್ಲಿ ಹಿಡಿದೆ. ನೀನು ಬರದಿದ್ದರೆ ನಾನು ಹಸೆಮಣೆ ಹತ್ತುವುದಿಲ್ಲ ಎಂದೆ. ಆಗ ಬಂತು ನೋಡಿ ಅವಳ ಕೋಪ. "ನನ್ನ ಎಸ್ರು ಯೋಳ್ಕಂಡು ಮದ್ವೆ ನಿಲ್ಸುದ್ರೆ ಕಾಲು ಮುರ್ದು ಕೈಗೆ ಕೊಡ್ತೀನಿ! ಆಮ್ಯಾಕೆ ಅದೂ ನನ್ನ ಮಣ್ಣಿಂದ್ಲೇ ಆಯ್ತು ಅಂತಾರೆ. ಓಗು, ಮದ್ವೆ ಆಗು. ಆ ಉಡ್ಗ ಏನು ಮಾಡ್ದ ಪಾಪ?" ಬಸ್ಸು ಬಂತು, ಹತ್ತಿದಳು. ಕಂಡಕ್ಟರಿಗೂ ಯಾಕೋ ಬೈದದ್ದು ಕೇಳಿಸಿತು.

ಮದುವೆಗೆ ಮೊಳಕೆ ಬೇಕಲ್ಲ. ಮಂಟಪಕ್ಕೆ ಹೂವಿನ ಅಲಂಕಾರ ಮಾಡುವವನು ಪ್ಲಾಸ್ಟಿಕ್ ತಟ್ಟೆಯಲ್ಲಿ ಸಿದ್ಧ ಮೊಳಕೆ ತಂದುಕೊಟ್ಟ, ತೆಂಗಿನ ನಾರಿನ ಪುಡಿಯಲ್ಲಿ ಬೆಳೆಸಿದ್ದು. ಎಲ್ಲರೂ ಬಗ್ಗಿ ನೋಡಿ, ಎಷ್ಟು ಚೊಕ್ಕಟವಾಗಿದೆ ಎಂದು ಹೊಗಳಿದರು. ಅದರಲ್ಲಿ ಒಂದು ಚಿಟಿಕೆ ಮಣ್ಣಿರಲಿಲ್ಲ. ಹುತ್ತದ ಮಣ್ಣಿನ ಶಾಸ್ತ್ರ ಎಲ್ಲಿ ಹೋಯಿತು ಎಂದು ಕೇಳುವ ಒಬ್ಬ ಗಂಡಸೂ ಅಲ್ಲಿರಲಿಲ್ಲ.

ತಾಳಿ ಕಟ್ಟಿಸಿಕೊಂಡ ಮರುದಿನ ಮಂಜುವನ್ನು ಕರೆದುಕೊಂಡು ನೇರ ಅತ್ತೆಯ ಮನೆಗೆ ಹೋದೆ. "ಗಂಡನ ಮನೆ ಬುಟ್ಟು ಇಲ್ಲಿಗ್ಯಾಕೆ ಬಂದ್ರಿ, ಬುದ್ಧಿ ಇಲ್ವಾ?" ಎಂದು ಬಾಗಿಲಲ್ಲೇ ಬೈದು, ಬಿಸಿ ಮುದ್ದೆ, ಸೊಪ್ಪಿನ ಸಾರು ಬಡಿಸಿದಳು. ಹೊರಡುವಾಗ ಒಂದು ಬಕೆಟ್ಟು ಮಣ್ಣನ್ನು ಮಂಜುವಿನ ಕೈಗಿತ್ತಳು. ಅವನು ಒಳಗೆ ಇಣುಕಿ ನೋಡಿ, "ಇವು ಬ್ಯಾಟ್ರಿ ಇಲ್ದೇನೇ ಓಡ್ತವಲ್ಲ ಅತ್ತೆ" ಎಂದ. ಅವಳು ನಕ್ಕದ್ದನ್ನು ನಾನು ಬಹಳ ದಿನದ ಮೇಲೆ ನೋಡಿದೆ.

ಆಮೇಲೆ ನಾನು ಕೆ.ಆರ್. ಪೇಟೆಯಿಂದ ಆಗಾಗ ಹೋಗಿ ಬರುತ್ತಿದ್ದೆ. ಅಪ್ಪ ಹೋಗಲಿಲ್ಲ. ಅವಳು ಕೇಳಲೂ ಇಲ್ಲ. ಒಮ್ಮೆ ಮಾತ್ರ, ಮೆಣಸಿನ ಗಿಡಕ್ಕೆ ಮಣ್ಣೇರಿಸುತ್ತ, ನನ್ನ ಮುಖ ನೋಡದೆ ಕೇಳಿದಳು: "ನಿಮ್ಮಪ್ಪ ಏನಾರ ಅಂದ್ನಾ?" ಇಲ್ಲ ಎಂದೆ. "ಅನ್ನಾಕೆ ಏನು ಅವ್ನಿಗೆ, ಬಾಯಲ್ಲಿರೋ ಮುತ್ತು ಉದುರೋಯ್ತದಾ?" ಅಂದಳು. ಎಷ್ಟೋ ಜನ ಅವಳಿಗೆ ಏನೇನೋ ಅಂದಿದ್ದರು, ಅದನ್ನೆಲ್ಲ ಅವಳು ಬೈದು ಮರೆತಳು. ಒಡಹುಟ್ಟಿದ ತಮ್ಮ ಆಡದೆ ಉಳಿಸಿಕೊಂಡ ಆ ಒಂದು ಮಾತನ್ನು ಮಾತ್ರ ಅವಳಿಗೆ ಮರೆಯಲಾಗಲಿಲ್ಲ. ಮನೆಗೆ ಬಂದು ಅಪ್ಪನಿಗೆ ಫೋನು ಮಾಡಿ, ಒಂದು ಸಲ ಹೋಗಿ ಹೇಳಿ ಬಾ ಅಂದೆ. ಹಳೇದನ್ನ ಯಾಕೆ ಕೆದಕ್ತೀಯ ಎಂದು ಫೋನು ಇಟ್ಟ.

ಹೋದ ವರ್ಷ, ಮಳೆ ಹಿಡಿದ ಒಂದು ವಾರದಲ್ಲಿ ಅವಳಿಗೆ ಜ್ವರ ಬಂತು, ಎದೆಗೆ ಇಳಿಯಿತು, ನಾನು ಹೋಗಿ ತಲುಪುವಷ್ಟರಲ್ಲಿ ಮುಗಿದಿತ್ತು. ಕೊನೆಯ ಮಾತು ಅಂತ ನನಗೆ ಏನೂ ಸಿಗಲಿಲ್ಲ. ಹಿಂದಿನ ದಿನ ಫೋನಿನಲ್ಲಿ ಮಾತಾಡಿದ್ದಳು, ಮೆಂತ್ಯಕ್ಕೆ ನೀರು ಜಾಸ್ತಿ ಹೊಯ್ಯಬೇಡ ಎಂದು ಬೈದಿದ್ದಳು, ಅಷ್ಟೇ.

ಹೆಣವನ್ನು ನಮ್ಮೂರಿಗೆ ತಂದರು. ಅಪ್ಪ ಎಲ್ಲರೆದುರು ದೊಡ್ಡ ಮನಸ್ಸು ಮಾಡಿ, ನಮ್ಮ ಹೊಲದ ಬದುವಿನಲ್ಲೇ ಗುಂಡಿ ತೆಗೆಸಿದ. ಬದುಕಿದ್ದಾಗ ಒಂದು ಪಾತಿ ಕೊಡದವನು! ಜನ ಅವನ ಔದಾರ್ಯವನ್ನು ಕೊಂಡಾಡುತ್ತಿದ್ದರು. ನಾನು ಪಾಂಡವಪುರದ ಮನೆಯಿಂದ ಅವಳ ದಂಟಿನ ಬಕೆಟ್ಟನ್ನು ತಂದಿದ್ದೆ. ಮಣ್ಣು ಹಾಕುವ ಹೊತ್ತಿಗೆ ಎಲ್ಲರೂ ಗುಂಡಿಯ ಪಕ್ಕದ ಗುಡ್ಡೆಯಿಂದ ಮೂರು ಮೂರು ಹಿಡಿ ಹಾಕಿದರು. ನಾನು ಬಕೆಟ್ಟಿಗೆ ಕೈಹಾಕಿದೆ. ನುಸಿಗಳು ಬೆರಳ ಮೇಲೆ ಹರಿದವು. "ಹುಳ ಅವೆ ಕಣಮ್ಮಿ ಅದ್ರಲ್ಲಿ," ಎಂದು ಯಾರೋ ಹಿಂದಿನಿಂದ ಪಿಸುಗುಟ್ಟಿದರು. ತಿರುಗಿ ನೋಡಿದ್ದೇ ತಡ, ಆ ಬಾಯಿ ಮುಚ್ಚಿತು. ಮೂರು ಹಿಡಿ ಅವಳ ಮೇಲೆ ಹಾಕಿದೆ.

ಅಪ್ಪ ನನ್ನ ಪಕ್ಕಕ್ಕೆ ಬಂದು ನಿಂತ. ಅವನ ಕಣ್ಣಲ್ಲಿ ನೀರಿತ್ತು, ಸುಳ್ಳಲ್ಲ. ಬಕೆಟ್ಟಿನ ಮುಂದೆ ಬೊಗಸೆ ಒಡ್ಡಿದ.

"ನಂಗೂ ಒಂದಿಡಿ ಕೊಡಮ್ಮಿ," ಎಂದ, ಎಲ್ಲರಿಗೂ ಕೇಳುವ ಹಾಗೆ. "ನಾನೇ ಓಗಿ ಇಸ್ಕಂಡು ಬಂದಿದ್ದೆ ಕಣವ್ವ ಅವತ್ತು. ಒಳ್ಳೇ ಮಣ್ಣು ಅದು, ನಮ್ಮಕ್ಕಂದು."

ಸಿಂಧಘಟ್ಟದ ದೊಡ್ಡಮ್ಮ ಅಲ್ಲೇ ಇದ್ದರು. ಚಿಕ್ಕಮ್ಮಂದಿರಿದ್ದರು. ಎಲ್ಲರೂ ಕೇಳಿಸಿಕೊಂಡರು. ಕೇಳಬೇಕಾಗಿದ್ದವಳ ಕಿವಿಗೆ ಮಾತ್ರ ಹತ್ತಿ ಇಟ್ಟಾಗಿತ್ತು.

ನಾನು ಬಕೆಟ್ಟನ್ನು ಸೊಂಟಕ್ಕೆ ಎತ್ತಿಕೊಂಡೆ. "ನಿಂದೇ ಬೇಕಾದಷ್ಟು ಬಿದ್ದದಲ್ಲಪ್ಪ ಇಲ್ಲಿ," ಎಂದೆ. "ಅದನ್ನೇ ಹಾಕು."